ತೊಳೆಯುವವರು ಯಾರೆಂದು ಕೇಳಿದ ಅಕ್ಕೋರು

ಗಣಿತದ ಅಕ್ಕೋರಿಗೆ ಎಡಗಡೆಯ ಹುಬ್ಬು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಬಾಗಲಕೋಟೆಯ ಮನೆಯಲ್ಲಿ ಒಲೆ ಊದುವಾಗ ಸುಟ್ಟದ್ದು, ಮತ್ತೆ ಬೆಳೆಯಲೇ ಇಲ್ಲವಂತೆ. ನಾವು ಉತ್ತರ ತಪ್ಪಿದರೆ ಆ ಅರ್ಧ ಹುಬ್ಬು ಮೇಲೇರುತ್ತಿತ್ತು. ಬೈಗುಳಕ್ಕಿಂತ ನಮಗೆ ಅದರದೇ ಹೆದರಿಕೆ. ನಾಶಿಕ್ ಹತ್ತಿರದ ಓಝರ್ ಕಡೆಯ ಆ ಮರಾಠಿ ಶಾಲೆಯಲ್ಲಿ ಅವರು ನನಗೂ ಕಲಿಸಿದರು, ಆಮೇಲೆ ನನ್ನ ಮಗಳಿಗೂ ಕಲಿಸಿದರು. ಊರಿಗೆಲ್ಲ ಅವರು ‘ಬಾಯಿ’. ವಿಮಾನ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮಂಥ ಕನ್ನಡ ಮನೆಗಳವರಿಗೆ ಮಾತ್ರ ಅಕ್ಕೋರು.

ಯಾವ ಲೆಕ್ಕ ತೋರಿಸಿದರೂ ಅವರದು ಒಂದೇ ಮಾತು. “ಕೂಡಿಸಿದ್ದು ನೋಡಿದ್ನಿ, ಕಳದದ್ದು ಎಲ್ಲೈತಿ?” ಅಕ್ಕೋರಿಗೆ ಸಿಟ್ಟು ಬರುತ್ತಿತ್ತು, ಆದರೆ ಸಂಜೆಯ ಚಹಾದ ತನಕವೂ ಉಳಿಯುತ್ತಿರಲಿಲ್ಲ. ನನ್ನ ಸ್ವಭಾವ ಹಾಗಲ್ಲ. ನಾನು ಯಾವುದನ್ನೂ ಮರೆಯುವವಳಲ್ಲ.

ಶಾಲೆಯ ಅಧ್ಯಕ್ಷರು ದ್ರಾಕ್ಷಿ ಬೆಳೆಗಾರರು. ಅವರ ತೋಟ ಶಾಲೆಯ ಕಂಪೌಂಡಿಗೆ ಹತ್ತಿಕೊಂಡೇ ಇದೆ. ಶಾಲೆಯ ಮಾಳಿಗೆಯ ತುಂಬ ಸೋಲಾರ್ ಪ್ಯಾನೆಲ್ ಹಾಕಿಸುತ್ತೇನೆಂದು ಅವರು ಶಿಕ್ಷಕರ ಸಭೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕೋರು ಎದ್ದು ನಿಂತರು. ಕರೆಂಟ್ ಬಿಲ್ಲು ಇಳಿಯುತ್ತದೆ, ಒಪ್ಪಿದೆ. ಆದರೆ ಬಿಸಿಲು ಸುರಿಯುವ ಮೇ ತಿಂಗಳಲ್ಲಿ ಶಾಲೆಗೇ ರಜೆ ಅಲ್ಲವೇ, ಆಗಿನ ಕರೆಂಟು ಯಾರಿಗೆ? ತೋಟಕ್ಕೆ ಔಷಧಿ ಹೊಡೆದಾಗಲೆಲ್ಲ ಮಾಳಿಗೆಯ ಮೇಲೆ ಬಿಳಿ ಪುಡಿ ಕೂರುತ್ತದೆ, ಪ್ಯಾನೆಲ್ ತೊಳೆಯುವವರು ಯಾರು? ಅಧ್ಯಕ್ಷರು ನಕ್ಕು, “ಸೂರ್ಯ ಫುಕಟ್ ಆಹೆ, ಬಾಯೀ” ಎಂದರಂತೆ. ಪುಕ್ಕಟೆ ಸಿಗುವ ಸೂರ್ಯನಿಗೆ ಖರ್ಚೇನು ಎಂದು ಉಳಿದವರೂ ನಕ್ಕರಂತೆ.

ಅಕ್ಕೋರಿಗೆ ಬಿಸಿಲಿನ ಮೇಲೆ ಹಗೆಯೇನೂ ಇರಲಿಲ್ಲ. ಅವರ ಮನೆಯ ಗ್ಯಾಲರಿಯಲ್ಲಿ ಒಂದು ಹಳೆಯ ಸೋಲಾರ್ ಕುಕ್ಕರ್ ಇತ್ತು, ಅವರು ಪಾಠ ಮುಗಿಸಿ ಬರುವಷ್ಟರಲ್ಲಿ ಅದರಲ್ಲಿ ಬೇಳೆ ಬೆಂದಿರುತ್ತಿತ್ತು. ಆ ಸಂಜೆ ನಮ್ಮ ಮನೆಗೆ ಬಂದವರು, “ನಾ ಬ್ಯಾಡ ಅಂದಿಲ್ಲವ್ವಾ. ತೊಳ್ಯಾಕ ಒಬ್ಬ ಆಳ ಇಡ್ರಿ ಅಂದ್ನಿ, ಅಷ್ಟ. ಇಲ್ಲಂದ್ರ ನಮ್ಮ ಹುಡುಗ್ರನ್ನ ಮ್ಯಾಲ ಹತ್ತಸ್ತಾರ ನೋಡು” ಎಂದರು.

ಪ್ಯಾನೆಲ್ ಬಂದವು, ಆಳು ಬರಲಿಲ್ಲ. ಹುಡುಗರನ್ನು ಹತ್ತಿಸಿಯೇ ಬಿಟ್ಟರು. ಶನಿವಾರದ ಶ್ರಮದಾನದ ಪಿರಿಯಡ್‌ನಲ್ಲಿ ಮೊದಲೆಲ್ಲ ಮಕ್ಕಳು ಅಂಗಳ ಗುಡಿಸುತ್ತಿದ್ದರು. ಒಂದು ಶನಿವಾರ ಅಕ್ಕೋರು ಪೇಪರ್ ತಿದ್ದಲು ನಾಶಿಕ್‌ಗೆ ಹೋಗಿದ್ದರು. ಅಧ್ಯಕ್ಷರು ತಾವೇ ಅಕ್ಕೋರ ತರಗತಿಗೆ ಬಂದು, ಮಕ್ಕಳ ಕೈಗೆ ಬಕೆಟ್ಟು, ಬಟ್ಟೆ ಕೊಟ್ಟು ಮಾಳಿಗೆಗೆ ಕಳಿಸಿದರು. ತಮ್ಮ ತೋಟದ ಔಷಧಿಯನ್ನು ನಮ್ಮ ಮಕ್ಕಳಿಂದ ತೊಳೆಸಿದರು. ನನ್ನ ಮಗಳು ಪ್ಯಾನೆಲ್ಲಿನ ಕಬ್ಬಿಣದ ಚೌಕಟ್ಟಿನ ಮೇಲೆ ನಿಂತವಳು ಜಾರಿ ಬಿದ್ದಳು, ಮೊಣಕೈ ಮುರಿಯಿತು. ಇಂದಿಗೂ ಅದು ಪೂರ್ತಿ ನೆಟ್ಟಗಾಗುವುದಿಲ್ಲ.

ಸೋಮವಾರ ಶಾಲೆಯ ಬೋರ್ಡಿನ ಮೇಲೆ ನೋಟಿಸ್ ಬಿತ್ತು: ತರಗತಿ ಶಿಕ್ಷಕಿಯ ನಿರ್ಲಕ್ಷ್ಯ. ಅಕ್ಕೋರಿಂದ ತರಗತಿ ಕಿತ್ತುಕೊಂಡರು. ನಾನು ಅಧ್ಯಕ್ಷರ ಕೋಣೆಗೆ ಹೋಗಿ ಕೂಗಾಡಿದೆ. ಮಕ್ಕಳು ಏನು ಬೇಕಾದರೂ ಹೇಳುತ್ತವೆ ಎಂದು ಅವರು ಫೋನು ಎತ್ತಿಕೊಂಡರು. ಪೇಟೆಯಲ್ಲಿ ಜನ ಅಕ್ಕೋರನ್ನು ನೋಡಿ ಪಿಸುಗುಟ್ಟತೊಡಗಿದರು. ಅಧ್ಯಕ್ಷರನ್ನು ಅಕ್ಕೋರು ಕೇಳಿದ್ದು ಒಂದೇ. “ಕ್ಲಾಸ್ ಕೊಡೂದು ಬ್ಯಾಡ್ರಿ. ಪಾಲಕರ ಸಭಾ ಕರೀರಿ. ಹುಡುಗ್ರನ್ನ ಯಾರು ಹತ್ತಿಸಿದ್ರು ಅಂತ ಅಲ್ಲೆ, ಎಲ್ಲಾರ ಮುಂದ ಹೇಳ್ರಿ.” ಇದನ್ನೇ ಮರಾಠಿಯಲ್ಲಿ ಹೇಳಿದರು, ಬರೆದೂ ಕೊಟ್ಟರು. ಅಧ್ಯಕ್ಷರು ಮೊದಲು ಪರೀಕ್ಷೆ ಎಂದರು, ಆಮೇಲೆ ದ್ರಾಕ್ಷಿ ಕೊಯ್ಲು ಎಂದರು, ಆಮೇಲೆ ರಜೆ. ಮಳೆಗಾಲ ಶುರುವಾದಾಗ ಅಕ್ಕೋರು ಹೃದಯ ನಿಂತು ತೀರಿಹೋದರು. ಹೆಸರಿಗೆ ಮೆತ್ತಿದ ಮಸಿ ಹಾಗೇ ಉಳಿಯಿತು.

ಅಧ್ಯಕ್ಷರು ಈಗ ಸಭೆ ಕರೆದರು, ಶೋಕಸಭೆ. ನಾನು ಪಾಲಕರಿಗೆಲ್ಲ ಫೋನು ಮಾಡಿ ತಪ್ಪದೆ ಬರಲು ಹೇಳಿದೆ, ಮಕ್ಕಳನ್ನೂ ಕರೆತನ್ನಿ ಎಂದೆ. ದುಃಖದಿಂದ ಮಾಡಿದ ಕೆಲಸವಲ್ಲ ಅದು, ಸಿಟ್ಟಿನ ಕಿಚ್ಚಿನಿಂದ ಮಾಡಿದ್ದು. ಹಾಲ್ ತುಂಬಿತು. ಹಾರ ಹಾಕಿದ ಫೋಟೋದ ಪಕ್ಕ ನಿಂತು ಅಧ್ಯಕ್ಷರು, ಬಾಯಿ ಈ ಶಾಲೆಯ ತಾಯಿ ಎಂದು ಕಣ್ಣೊರೆಸಿಕೊಂಡರು. ಮೌನಕ್ಕೆ ಏಳಿರಿ ಎಂದರು. ಎಲ್ಲರೂ ಎದ್ದ ಮೇಲೆ ನನ್ನ ಮಗಳು ಆ ಸೊಟ್ಟ ಕೈ ಎತ್ತಿ ಮರಾಠಿಯಲ್ಲಿ ಹೇಳಿದಳು, “ಸರ್, ನಮ್ಮನ್ನು ಮೇಲೆ ಕಳಿಸಿದ್ದು ನೀವು. ಬಾಯಿ ಅವತ್ತು ಊರಲ್ಲೇ ಇರಲಿಲ್ಲ.” ಅವಳ ಹಿಂದೆ ಇನ್ನೊಬ್ಬಳು, “ನನಗೂ ಬಕೆಟ್ ಕೊಟ್ಟಿರಿ” ಎಂದಳು. ಆಮೇಲೆ ಹುಡುಗರು ಒಬ್ಬೊಬ್ಬರಾಗಿ ಶುರುಮಾಡಿದರು.

“ಇದು ಸಮಯವಲ್ಲ” ಎಂದರು ಅಧ್ಯಕ್ಷರು. ಯಾರೂ ಕೂರಲಿಲ್ಲ, ಬಾಗಿಲ ಕಡೆಗೂ ಹೋಗಲಿಲ್ಲ. ಅವರ ಮುಖ ಬೆವರಿತ್ತು. ನನಗೆ ಎಳ್ಳಷ್ಟೂ ಕನಿಕರ ಬರಲಿಲ್ಲ. ಕೊನೆಗೆ ತಲೆ ತಗ್ಗಿಸಿ, “ಚೂಕ ಮಾಝೀ” ಎಂದರು, ತಪ್ಪು ನನ್ನದು ಎಂದು.

ನನಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೂ ಕೇಳಿಸಲಿಲ್ಲ, ಮೈಕಿನಲ್ಲಿ ಹೇಳಿರಿ ಎಂದೆ.

ಮೈಕಿನಲ್ಲಿ ಹೇಳಿದರು. ಅಕ್ಕೋರು ಇದ್ದಿದ್ದರೆ ಒಂದು ಸಲ ಹೇಳಿದ್ದೇ ಸಾಕು ಎನ್ನುತ್ತಿದ್ದರು. ಅವರು ಇರಲಿಲ್ಲ, ನಾನಿದ್ದೆ. ಮೂರನೆಯ ಸಲವೂ ಹೇಳಿಸಿದೆ.