ರಾಯರು ಒತ್ತಿದ ‘ಡಿಲೀಟ್ ಫಾರ್ ಮಿ’

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಕಾಲೊನಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೊದಲು ಒಂದು ಗುಲಾಬಿ ಬಂತು. ಆಮೇಲೆ ಗಣಪತಿ ಬಂದ. ಆಮೇಲೆ ಕಾವೇರಿ ನೀರು ಎಷ್ಟು ಗಂಟೆಗೆ ಬಿಡುತ್ತಾರೆ ಎಂಬ ಸುದ್ದಿ. ಅದರ ಬೆನ್ನಿಗೇ ಒಂದು ವಿಡಿಯೊ.

ಕಳಿಸಿದವರು ಅಸೋಸಿಯೇಷನ್ ಕಾರ್ಯದರ್ಶಿ ವಾಸುದೇವ ರಾಯರು. ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ವಿಡಿಯೊ ಕೆಳಗೆ ಹೀಗೆ ಬರೆದಿದ್ದರು: ‘ನಮ್ಮ ಏರಿಯಾದಲ್ಲೇ ಓಡಾಡುತ್ತಿರುವ ಹೊಲಸು ನೋಡಿ. ಇದನ್ನು ತಡೆಯಲು ಹೊಸ ಕಾನೂನು ಬೇಕೇ ಬೇಕು. ಹತ್ತು ಗಂಟೆಗೆ ಹಾಲ್‌ನಲ್ಲಿ ಸಹಿ ಸಂಗ್ರಹ, ಉಪಾಹಾರವಿದೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ.’

ದಯವಿಟ್ಟು ಇನ್ನೊಮ್ಮೆ ಓದಿ. ಮಕ್ಕಳ ಕೈಗೆ ಸಿಗಬಾರದು. ಎಲ್ಲ ಗ್ರೂಪ್‌ಗಳಿಗೂ ಕಳಿಸಬೇಕು!

ನಾನು ಓದಿ ಮುಗಿಸುವ ಮೊದಲೇ ಬೆರಳು ತಾಗಿ ವಿಡಿಯೊ ತೆರೆದುಕೊಂಡಿತು. ಒಂದು ಕ್ಷಣ ಮುಖ ಕಂಡಿತು. ತಕ್ಷಣ ಮುಚ್ಚಿಬಿಟ್ಟೆ. ಆ ಮುಖ ನನಗೆ ಗೊತ್ತು. ನಮ್ಮ ಕಾಲೊನಿಯ ಅರ್ಧ ಹೆಂಗಸರಿಗೆ ಗೊತ್ತು. ನಮಗೆಲ್ಲ ಬ್ಲೌಸ್ ಹೊಲಿದುಕೊಡುವವಳು ಅವಳು.

ಅಷ್ಟರಲ್ಲಿ ಗ್ರೂಪಿನಲ್ಲಿ ಉತ್ತರಗಳು ಶುರುವಾಗಿದ್ದವು. ‘ಛೀ.’ ‘ವೆರಿ ಬ್ಯಾಡ್ ಸರ್, ಶೇರ್ ಮಾಡಿದ್ದೇನೆ.’ ಒಬ್ಬರು ಅಭ್ಯಾಸಬಲದಿಂದ ಕೈಮುಗಿಯುವ ಚಿತ್ರ ಹಾಕಿ ‘ಶುಭೋದಯ’ ಎಂದಿದ್ದರು.

ಅವಳನ್ನು ಸುಮತಿ ಎನ್ನೋಣ. ನಿಜವಾದ ಹೆಸರು ಬೇರೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ‘ಬರೀರಿ ಅಕ್ಕ, ಆದ್ರೆ ಪಾಪ ಗೀಪ ಅಂತ ಬರೀಬೇಡಿ’ ಎಂದಿದ್ದಾಳೆ. ಬರೆಯುವುದಿಲ್ಲ.

ಮರ್ಫಿ ಟೌನಿನಲ್ಲಿ ಒಂದೇ ಶಟರ್‌ನ ಅಂಗಡಿ ಅವಳದು. ಗಂಡನನ್ನು ಬಿಟ್ಟು ಬಂದು ಎರಡು ವರ್ಷವಾಯಿತು. ಜೊತೆಗಿದ್ದಾಗ ಅವನು ತೆಗೆದಿಟ್ಟುಕೊಂಡಿದ್ದ ವಿಡಿಯೊ ಅದು. ‘ವಾಪಸ್ ಬರದಿದ್ದರೆ ಎಲ್ಲರಿಗೂ ಕಳಿಸುತ್ತೇನೆ’ ಎಂದು ಬೆದರಿಸಿ ಮೊದಲು ಅವಳಿಗೇ ಕಳಿಸಿದ. ಅವಳು ಹೋಗಲಿಲ್ಲ. ಅವನು ಕಳಿಸಿದ.

ಸುಮತಿ ಪೊಲೀಸರಿಗೆ ದೂರು ಕೊಟ್ಟಳು. ಒಬ್ಬ ವಕೀಲೆಯನ್ನೂ ಹಿಡಿದಳು. ವಕೀಲೆ ಹೇಳಿದ್ದು ಒಂದೇ ಮಾತು: ‘ಅವನು ನಿನಗೆ ಕಳಿಸಿದ್ದು ಹಾಗೇ ಇರಲಿ, ಡಿಲೀಟ್ ಮಾಡಬೇಡ, ಅದೇ ಸಾಕ್ಷಿ.’ ಆ ಫೋನನ್ನು ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಬಾಬಿನ್ ಡಬ್ಬದ ಕೆಳಗೆ ಇಟ್ಟಿದ್ದಾಳೆ. ಸ್ಕ್ರೀನ್ ಒಡೆದಿದೆ. ಶಿವಾಜಿನಗರಕ್ಕೆ ರಿಪೇರಿಗೆ ಒಯ್ದಿಲ್ಲ. ಅಲ್ಲಿ ಯಾರಾದರೂ ತೆರೆದರೆ?

ಇಂಥ ಹೊತ್ತಿನಲ್ಲಿ ಬಂತು ನೋಡಿ, ಹೊಸ ಕಾನೂನಿನ ಕರಡು. ಅತಿರೇಕದ ಅಶ್ಲೀಲ ದೃಶ್ಯಗಳನ್ನು ತಡೆಯುತ್ತದಂತೆ. ಹಂಚಿದವರಿಗಷ್ಟೇ ಅಲ್ಲ, ಫೋನಿನಲ್ಲಿ ಇಟ್ಟುಕೊಂಡವರಿಗೂ ಜೈಲು. ಯಾವುದು ಅತಿರೇಕ? ನೋಡಿದ ಅಧಿಕಾರಿಗೆ ಹಾಗೆನ್ನಿಸಿದ್ದು ಅತಿರೇಕ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವ ಒಂದೇ ಒಂದು ಸಾಲು ಅದರಲ್ಲಿಲ್ಲ. ನಾನು ಎರಡು ಸಲ ಹುಡುಕಿದೆ.

ಸುಮತಿಗೂ ಸುದ್ದಿ ತಲುಪಿತು. ನನ್ನ ಭುಜಕ್ಕೆ ಟೇಪ್ ಹಿಡಿದುಕೊಂಡೇ ಕೇಳಿದಳು: ‘ಅಕ್ಕ, ಅದು ಇಟ್ಕೊಂಡ್ರೆ ಜೈಲಂತೆ? ನಾನ್ ಡಿಲೀಟ್ ಮಾಡ್ಬಿಡ್ಲಾ?’

ಡಿಲೀಟ್ ಮಾಡಿದರೆ ಕೇಸು ಹೋಯಿತು. ಇಟ್ಟುಕೊಂಡರೆ, ಕಾನೂನು ಬಂದ ದಿನ ಅವಳೇ ಅಪರಾಧಿ. ಏನು ಹೇಳಲಿ? ಟೇಪ್ ಬಿಚ್ಚಿಸಿಕೊಂಡು ಮನೆಗೆ ಬಂದು ಸರ್ಕಾರಕ್ಕೆ ಆಕ್ಷೇಪಣೆ ಬರೆಯಲು ಕೂತೆ.

ಆ ಕಾಗದ ಹಿಡಿದು ಮೂರು ವಾರ ಮನೆ ಮನೆ ತಿರುಗಿದ್ದೇನೆ. ನಮ್ಮ ಕಾಲೊನಿಯಲ್ಲಿ ಒಂದು ಪದ್ಧತಿಯಿದೆ. ಮನೆಗೊಂದೇ ಸಹಿ, ಅದೂ ಯಜಮಾನರದ್ದು. ನೀರಿನ ಅರ್ಜಿಯಿಂದ ಬೀದಿನಾಯಿ ದೂರಿನವರೆಗೆ ಎಲ್ಲಕ್ಕೂ ಹಾಗೆಯೇ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ಹೆಂಗಸೂ ಬಾಗಿಲಲ್ಲಿ ನಿಂತು ಹೇಳುತ್ತಾರೆ: ‘ಅವ್ರು ವಾಕಿಂಗ್ ಹೋಗಿದಾರೆ, ಬಂದ್ಮೇಲೆ ಕೇಳಿ ಹೇಳ್ತೀನಿ.’

ಯಜಮಾನರು ವಾಕಿಂಗ್ ಮುಗಿಸಿ ಬಂದರೆ ಇನ್ನೂ ಚೆನ್ನ. ‘ಅಂದ್ರೆ ಇಂಥದ್ದೆಲ್ಲ ಇರ್ಲಿ ಅಂತೀರಾ ಮೇಡಂ?’ ಒಬ್ಬರಂತೂ ಧ್ವನಿ ತಗ್ಗಿಸಿ ‘ನಿಮ್ಮ ಮನೆಯವ್ರಿಗೆ ಗೊತ್ತೇನ್ರೀ?’ ಎಂದರು. (ಗೊತ್ತು. ಇನ್ಶೂರೆನ್ಸ್ ಆಫೀಸಿನಲ್ಲಿ ಜೀವಮಾನವಿಡೀ ಷರತ್ತು ಓದಿದವರು. ಕರಡನ್ನು ಓದಿ ‘ಎಕ್ಸೆಂಪ್ಶನ್ನೇ ಇಲ್ವಲ್ಲೇ ಇದ್ರಲ್ಲಿ’ ಎಂದು ಬೆಚ್ಚಿಬಿದ್ದವರೇ ಅವರು.) ಮೂರು ವಾರಕ್ಕೆ ಸಿಕ್ಕಿದ್ದು ಏಳು ಸಹಿ. ಅದರಲ್ಲಿ ಎರಡು ನಮ್ಮ ಮನೆಯವೇ.

ನನ್ನ ಮಾತು ತೀರಾ ಸಣ್ಣದು. ಹೊಲಸು ನನಗೂ ಹೊಲಸೇ. ಆದರೆ ಕಾನೂನು ಅಳೆಯಬೇಕಾದದ್ದು ನೋಡುವವರ ಅಸಹ್ಯವನ್ನಲ್ಲ, ಅದರಲ್ಲಿರುವವರ ಒಪ್ಪಿಗೆಯನ್ನು. ಒಪ್ಪಿಗೆಯಿಲ್ಲದೆ ಹಂಚುವುದು ಈಗಲೂ ಅಪರಾಧವೇ. ಆ ಕೇಸುಗಳನ್ನು ಬೇಗ ನಡೆಸಿ. ವಯಸ್ಸಿಗೆ ಬಂದವರು ತಮ್ಮ ಮನೆಯ ಬಾಗಿಲು ಹಾಕಿಕೊಂಡು ಒಪ್ಪಿ ನೋಡುವುದನ್ನು ಅಳೆಯಲು ಅಧಿಕಾರಿ ಯಾಕೆ? ಎಲ್ಲರ ಫೋನೂ ಕಸಿದು ನೋಡುವ ಅಧಿಕಾರ ಕೊಟ್ಟರೆ ಅದು ಮೊದಲು ಬೀಳುವುದು ಯಾರ ಮೇಲೆ? ಸಣ್ಣ ಮನೆಗಳ ಮರ್ಫಿ ಟೌನಿನ ಮೇಲೋ, ಉಳ್ಳವರ ಇಂದಿರಾನಗರದ ಮೇಲೋ?

ಇರಲಿ, ಭಾನುವಾರಕ್ಕೆ ಬರುತ್ತೇನೆ. ವಿಡಿಯೊ ಕಂಡ ತಕ್ಷಣ ರಾಯರಿಗೆ ಫೋನ್ ಮಾಡಿದೆ. ಕೂಗಾಡಿದೆ ಎಂದರೂ ತಪ್ಪಿಲ್ಲ. ‘ಆಯ್ತಮ್ಮ, ತೆಗೀತೀನಿ, ಯಾಕಿಷ್ಟು ಟೆನ್ಷನ್ನು’ ಎಂದರು. ಎರಡು ನಿಮಿಷಕ್ಕೆ ಅವರೇ ವಾಪಸ್ ಮಾಡಿ ‘ಡಿಲೀಟ್ ಮಾಡ್ಬಿಟ್ಟೆ’ ಎಂದರು.

ಹತ್ತು ಗಂಟೆಗೂ ನನ್ನ ಫೋನಿನಲ್ಲಿ ಅದು ಇತ್ತು.

ಹಾಲ್‌ಗೆ ಹೋದೆ. ಇಡ್ಲಿ, ವಡೆ, ಚಟ್ನಿ. ಪಕ್ಕದ ಮೇಜಿನ ಮೇಲೆ ಸಹಿ ಹಾಳೆ. ‘ರಾಯರೇ, ವಿಡಿಯೊ ಇನ್ನೂ ಇದೆ’ ಎಂದೆ.

‘ಏನಮ್ಮಾ ನೀವು, ಆಗ್ಲೇ ತೆಗ್ದಾಯ್ತಲ್ಲ. ಬೇಕಾದ್ರೆ ನೋಡಿ.’

ಫೋನ್ ತೋರಿಸಿದರು. ನಿಜ, ಅವರ ಫೋನಿನಲ್ಲಿರಲಿಲ್ಲ. ಏಕೆಂದರೆ ಅವರು ಒತ್ತಿದ್ದು ‘ಡಿಲೀಟ್ ಫಾರ್ ಎವ್ರಿವನ್’ ಅಲ್ಲ, ‘ಡಿಲೀಟ್ ಫಾರ್ ಮಿ’. ಇಡೀ ಕಾಲೊನಿಯ ಫೋನಿನಲ್ಲಿ ವಿಡಿಯೊ ಹಾಗೇ ಕೂತಿದೆ. ಕಳಿಸಿದವರ ಫೋನಿನಲ್ಲಿ ಮಾತ್ರ ಇಲ್ಲ. ಗ್ರೂಪಿಗೆ ಅಡ್ಮಿನ್ ಬೇರೆ ಅವರೊಬ್ಬರೇ. ಕಾಣದ್ದನ್ನು ಅವರು ಇನ್ನು ತೆಗೆಯುವುದು ಹೇಗೆ? ಕಾರ್ಖಾನೆಯಲ್ಲಿ ಒಂದು ಕೆಟ್ಟ ಬೋಲ್ಟನ್ನೂ ಗೇಟು ದಾಟಿಸದ ಮನುಷ್ಯ!

ಮೈ ಉರಿದುಹೋಯಿತು. ಜೋರಾಗಿಯೇ ಹೇಳಿದೆ: ‘ನೀವು ಬೇಕು ಅಂತಿರೋ ಕಾನೂನಿನ ಪ್ರಕಾರ ಇದನ್ನ ಫೋನಲ್ಲಿ ಇಟ್ಕೊಂಡೋರೆಲ್ಲ ಕ್ರಿಮಿನಲ್ಸು. ಇಲ್ಲಿ ಯಾರ್ಯಾರ ಹತ್ರ ಇದೆ, ಸ್ವಲ್ಪ ಕೈ ಎತ್ತಿ.’

ಒಂದು ಕೈಯೂ ಮೇಲೇಳಲಿಲ್ಲ. ತಲೆಗಳೆಲ್ಲ ಕೆಳಗಾದವು. ಎಡಗೈಯಲ್ಲಿ ಇಡ್ಲಿ ತಟ್ಟೆ, ಬಲಗೈ ಹೆಬ್ಬೆರಳಿನಲ್ಲಿ ಡಿಲೀಟು.

ಯಾರೋ ಗೊಣಗಿದರು: ‘ನಾವೇನ್ ಬೇಕು ಅಂತ ಇಟ್ಕೊಂಡಿದ್ವಾ? ತಾನಾಗೇ ಬಂತು.’

‘ಆ ಹೆಂಗಸಿಗೂ ತಾನಾಗೇ ಬಂದಿದ್ದೇ ಸರ್’ ಎಂದೆ.

ರಾಯರಿಗೆ ಅವಮಾನವಾಯಿತು. ‘ನೋಡಿ, ನಾನು ಕಳ್ಸಿದ್ದು ಒಳ್ಳೇ ಉದ್ದೇಶಕ್ಕೆ. ಉದ್ದೇಶ ಏನು ಅಂತ ನೋಡ್ಬೇಕಲ್ವಾ?’

ನೋಡಬೇಕು! ಮೂರು ವಾರ ನಿಮ್ಮ ಬಾಗಿಲುಗಳಲ್ಲಿ ನಿಂತು ನಾನು ಅಂಗಲಾಚಿದ್ದು ಇದನ್ನೇ ಅಲ್ಲವೇ? ಉದ್ದೇಶ ನೋಡಿ ಎಂದು ತಾನೇ? ಆಗ ‘ಇಂಥದ್ದೆಲ್ಲ ಇರ್ಲಿ ಅಂತೀರಾ’ ಎಂದವರು ನೀವು. ನಿಮ್ಮ ಫೋನಿಗೆ ಬಂದಾಗ ಮಾತ್ರ ಉದ್ದೇಶ ನೆನಪಾಯಿತೇ?

ಇಷ್ಟೂ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಕೈ ತೊಳೆದುಕೊಂಡು, ಸಾಲಾಗಿ ನಿಂತು, ಕಾನೂನು ಬೇಕೆಂದು ಸಹಿ ಹಾಕಿದರು. ಮನೆಗೊಂದು.

ಹೊರಗೆ ಚಪ್ಪಲಿ ಮೆಟ್ಟುವಾಗ ರಾಯರ ಹೆಂಡತಿ ನನ್ನ ಕೈ ಹಿಡಿದರು. ಒಳ್ಳೆಯ ಮಾತು ಬರಬಹುದು ಎಂದುಕೊಂಡೆ. ‘ಅಲ್ಲಾರೀ, ಅದು ನಮ್ಮ ಬ್ಲೌಸ್ ಹೊಲಿಯೋಳು ಅಲ್ವಾ? ನನ್ನವು ಎರಡು ಅವಳ ಹತ್ರಾನೇ ಇವೆ ಕಣ್ರೀ. ಹೋಗಿ ತರೋದು ಹೇಗೆ ಈಗ?’

ಮಧ್ಯಾಹ್ನ ಮರ್ಫಿ ಟೌನಿಗೆ ಹೋದೆ. ಅಷ್ಟರಲ್ಲಿ ನಮ್ಮ ಕಾಲೊನಿಯಿಂದ ಮೂರು ಮನೆಯವರು ಕೆಲಸದವರನ್ನು ಕಳಿಸಿ ಕತ್ತರಿಸದ ಬಟ್ಟೆ ವಾಪಸ್ ತರಿಸಿಕೊಂಡಿದ್ದರು. ಕಾರಣ ಹೇಳಿರಲಿಲ್ಲ. ಹೇಳಬೇಕಿರಲಿಲ್ಲ. ಗ್ರೂಪಿನ ಸುದ್ದಿ ಸುಮತಿಯ ಕಿವಿಗೂ ಆಗಲೇ ಬಿದ್ದಿತ್ತು. ಒಂದು ಬ್ಲೌಸಿನ ತೋಳು ಬಿಚ್ಚುತ್ತಿದ್ದಳು. ಅಳುತ್ತಿರಲಿಲ್ಲ. ನನಗೇ ಅಳು ಬಂತು.

‘ವಕೀಲರ ಹತ್ರ ಮಾತಾಡ್ದೆ ಅಕ್ಕ’ ಎಂದಳು. ‘ಆ ಗ್ರೂಪಲ್ಲಿ ಯಾರು ಹಾಕಿದ್ರು, ಎಷ್ಟೊತ್ತಿಗೆ ಹಾಕಿದ್ರು, ಅದೂ ಬೇಕಂತೆ. ನಿಮ್ ಫೋನಲ್ಲಿ ಇದೆ ಅಲ್ವಾ?’

‘ಇದೆ.’

‘ತೆಗೀಬೇಡಿ.’

ತೆಗೆದಿಲ್ಲ. ನೋಡುವುದೂ ಇಲ್ಲ, ಆದರೆ ಪ್ರತಿಸಲ ಫೋನ್ ಎತ್ತಿಕೊಂಡಾಗ ಅದು ಒಳಗಿದೆ ಎಂದು ಗೊತ್ತಿರುತ್ತದೆ. ಸುಮತಿ ಇದನ್ನು ತಿಂಗಳುಗಟ್ಟಲೆ ಹೇಗೆ ಸಹಿಸಿದಳೋ, ನನಗೆ ಒಂದೇ ವಾರಕ್ಕೆ ಸಾಕಾಗಿದೆ.

ಹೊರಡುವಾಗ ನನ್ನ ಆಕ್ಷೇಪಣೆಯ ಕಾಗದ ಕೇಳಿ ಇಸಿದುಕೊಂಡಳು. ಎಂಟನೆಯ ಸಾಲಿನಲ್ಲಿ, ‘ಮನೆಯ ಯಜಮಾನರು’ ಎಂದಿದ್ದ ಕಡೆ ತನ್ನ ನಿಜವಾದ ಹೆಸರು ಬರೆದಳು. ಕಾಲೊನಿಯ ಅಭ್ಯಾಸದಂತೆ ಆ ಕಾಲಂ ಹಾಕಿದ್ದವಳು ನಾನೇ. ನಾಚಿಕೆಯಾಯಿತು.

ಮರುದಿನ ಅಸೋಸಿಯೇಷನ್ ತನ್ನ ಮನವಿ ಕಳಿಸಿತು. ಅದರ ಫೋಟೊ ಅದೇ ಗ್ರೂಪಿಗೆ ಬಂತು. ಚಪ್ಪಾಳೆಗಳೂ ಬಂದವು. ಅದರ ಮೇಲೆ, ಒಂದಿಷ್ಟು ಗುಲಾಬಿ ದಾಟಿದರೆ, ನನ್ನ ಫೋನಿನಲ್ಲಿ ಸುಮತಿಯ ವಿಡಿಯೊ ಇನ್ನೂ ಇತ್ತು.

ಕಾನೂನು ಬಂದ ದಿನ ಪೊಲೀಸರು ಮೊದಲು ತಟ್ಟುವ ಬಾಗಿಲು ಯಾವುದು ಹೇಳಿ: ಊರಿಗೆಲ್ಲ ಹಂಚಿ ತಮ್ಮ ಫೋನನ್ನಷ್ಟೇ ತೊಳೆದುಕೊಂಡ ರಾಯರದ್ದೋ, ಸಾಕ್ಷಿ ಎಂದು ಇಟ್ಟುಕೊಂಡು ಕೂತ ನಮ್ಮಿಬ್ಬರದ್ದೋ?