ಎಂಟನೇ ಸ್ಥಾನ

ಟೆನ್ನಿಸ್ ಸಂಘದಲ್ಲಿ ಆಕೆಗೆ ಲೆಕ್ಕದಕ್ಕ ಎಂದೇ ಹೆಸರು. ಜೀವಮಾನದಲ್ಲಿ ಒಮ್ಮೆಯೂ ರಾಕೆಟ್ ಹಿಡಿದವಳಲ್ಲ. ಆದರೂ ಆ ಭಾಗದ ಆಟಗಾರರಲ್ಲಿ ಯಾರು ಮೇಲು, ಯಾರು ಎಷ್ಟನೆಯವರು ಎಂದು ತೀರ್ಮಾನವಾಗುತ್ತಿದ್ದದ್ದು ಆಕೆಯ ಮೇಜಿನ ಮೇಲೆಯೇ. ಕೋಣೆಯೋ, ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಗೆ ಹೇಗೋ ತುರುಕಿಟ್ಟದ್ದು. ಕಿಟಕಿ ನೆಲದ ಮಟ್ಟಕ್ಕಿತ್ತು. ಅದರಲ್ಲಿ ಹೊರಗಿನವರ ಕಾಲುಗಳಷ್ಟೇ ಕಾಣುತ್ತಿದ್ದವು. ಮುಖ ನೋಡಿದರೆ ತಡಬಡಿಸುತ್ತಿದ್ದ ಲೆಕ್ಕದಕ್ಕ ಬೂಟು ನೋಡಿದರೆ ಇಂಥವರೇ ಎಂದು ಹೇಳಿಬಿಡುತ್ತಿದ್ದಳು.

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಪಂದ್ಯಾವಳಿ ಗೆದ್ದವರಿಗೆ ನೂರು ಅಂಕ, ಫೈನಲ್‌ನಲ್ಲಿ ಸೋತವರಿಗೆ ಎಪ್ಪತ್ತು, ಅದಕ್ಕೂ ಮೊದಲೇ ಸೋತವರಿಗೆ ಇನ್ನೂ ಕಡಿಮೆ. ವರ್ಷದಲ್ಲಿ ಎಷ್ಟೇ ಕಡೆ ಆಡಲಿ, ಚೆನ್ನಾಗಿ ಆಡಿದ ಐದು ಪಂದ್ಯಾವಳಿಗಳನ್ನು ಮಾತ್ರ ಹಿಡಿಯಬೇಕು. "ನನ್ನ ಮಗ ಒಂದೂ ಬಿಡದೆ ಆಡಿದಾನೆ, ಇಷ್ಟು ಕೆಳಗೆ ಯಾಕೆ ಹಾಕಿದೀರಿ?" ಎಂದು ಕುದಿಯುತ್ತ ಬರುವ ಅಪ್ಪಂದಿರಿಗೆ ಅದನ್ನು ತಿಳಿಸಿ ಹೇಳುವಷ್ಟರಲ್ಲಿ ಗಂಟಲ ಪಸೆ ಆರುತ್ತಿತ್ತು. ಇನ್ನು ವರ್ಷ ತುಂಬಿದ ಅಂಕ ತಾನಾಗಿಯೇ ಬಿದ್ದುಹೋಗುತ್ತದೆ. ಪ್ರತಿ ಸೋಮವಾರ ಹಳೆಯದನ್ನು ಕಳೆದು, ಹೊಸದನ್ನು ಕೂಡಿ, ಪಟ್ಟಿಯನ್ನು ಹೊರಗಿನ ಹಲಗೆಗೆ ಅಂಟಿಸುವುದು ಆಕೆಯ ಕೆಲಸ. ಅಂಟಿಸಿದ ಮೇಲೆ ಬೈಸಿಕೊಳ್ಳುವುದೂ ಆಕೆಯದೇ ಕೆಲಸ.

ಗಂಡ ಬಸ್ ಡ್ರೈವರ್ ಆಗಿದ್ದವನು. ನಿವೃತ್ತನಾದ ಮೇಲೆ ಒಂದು ದಿನ ಹೆಂಡತಿಗೆ ಊಟದ ಡಬ್ಬಿ ಕೊಡಲು ಬಂದು, ಯಾರೋ ಬಿಟ್ಟುಹೋದ ರಾಕೆಟ್ ಎತ್ತಿಕೊಂಡು ಗೋಡೆಗೆ ಚೆಂಡು ಹೊಡೆದ. ಅಷ್ಟೇ, ಹುಚ್ಚು ಹಿಡಿಯಿತು. ಕೆಲವೇ ವರ್ಷಗಳಲ್ಲಿ ಅರವತ್ತು ದಾಟಿದವರ ವಿಭಾಗದಲ್ಲಿ ಅವನನ್ನು ಕಂಡರೆ ಎಲ್ಲರೂ ಹಲ್ಲು ಕಡಿಯುವಂತಾಯಿತು. ಚೆಂಡನ್ನು ಆಕಾಶಕ್ಕೆ ಎತ್ತಿಬಿಡುವುದು, ಎದುರಿನವನು ಕತ್ತೆತ್ತಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರೆ ತಾನು ನಗುತ್ತ ಕಾಯುವುದು, ಇದೇ ಅವನ ಆಟ. ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದ ಎಡಗೈ ಮೇಷ್ಟ್ರು ಅವನ ಗೆಳೆಯ. ಕೋರ್ಟಿನೊಳಗೆ ಇಬ್ಬರೂ ಹಾವು ಮುಂಗುಸಿ. ಹೊರಗೆ ಬಂದರೆ ಒಂದೇ ಬೆಂಚು, ಒಂದೇ ಫ್ಲಾಸ್ಕಿನ ಚಹಾ.

ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗಂಡ ಬೂಟಿನ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ.

ಲೆಕ್ಕದಕ್ಕ ಅಳಲಿಲ್ಲ. "ಅತ್ತುಬಿಡಿ ಅತ್ತಿಗೆ, ಹಗುರಾಗುತ್ತೆ" ಎಂದು ನಾದಿನಿ ಪರಿಪರಿಯಾಗಿ ಹೇಳಿದಳು. ಅಳು ಬಂದರೆ ತಾನೇ? ನೀರು ನಿಂತುಹೋದ ನಲ್ಲಿಯನ್ನು ತಿರುಗಿಸಿದ ಹಾಗೆ ಒಳಗೆ ಬರೀ ಗಾಳಿ. ಕಲ್ಲು ಮನಸ್ಸಿನವಳು ಎಂದು ಬೆನ್ನ ಹಿಂದೆ ಆಡಿಕೊಂಡರು. ಅದೂ ಅವಳಿಗೆ ತಾಗಲಿಲ್ಲ. ರಜೆ ಮುಗಿಯಿತು, ಕೆಲಸಕ್ಕೆ ಬಂದಳು, ಸೋಮವಾರದ ಪಟ್ಟಿ ಮಾಡಿದಳು. ಅದರಲ್ಲಿ ಗಂಡ ಮೂರನೆಯವನಾಗಿದ್ದ.

ಹೆಸರು ತೆಗೆಯಬೇಕಾದರೆ ಆಟಗಾರರೇ, ಇಲ್ಲವಾದರೆ ಅವರ ಮನೆಯವರು ಬಂದು ಕಾರ್ಯದರ್ಶಿಗೆ ತಿಳಿಸಬೇಕು ಎಂದು ಸಂಘದ ನಿಯಮ. ಮನೆಯವರು ಎಂದರೆ ಈಕೆಯೇ. ಈಕೆ ಬಾಯಿ ಬಿಡಲಿಲ್ಲ, ಕೇಳಲು ಕಾರ್ಯದರ್ಶಿಗೆ ಬಾಯಿ ಬರಲಿಲ್ಲ. ಹೀಗೆ ಗಂಡ ಪಟ್ಟಿಯಲ್ಲಿ ಉಳಿದುಕೊಂಡ. ಹಳೆಯ ಅಂಕಗಳು ಒಂದೊಂದಾಗಿ ಬೀಳುತ್ತ ನಾಲ್ಕಕ್ಕೆ ಇಳಿದ, ಆರಕ್ಕೆ ಇಳಿದ, ಎಂಟಕ್ಕೆ ಬಂದು ನಿಂತ. ಕಳೆಯುತ್ತಿದ್ದವಳು ಅವಳೇ. ಯಾರದೋ ಅಂಕ ಕಳೆದಂತೆ ಕಳೆಯುತ್ತಿದ್ದಳು.

ಅಷ್ಟರಲ್ಲಿ ವರ್ಷದ ಕೊನೆಯ ದೊಡ್ಡ ಪಂದ್ಯಾವಳಿ ಹತ್ತಿರ ಬಂತು. ಅದಕ್ಕೆ ಕರೆ ಹೋಗುವುದು ಪ್ರತಿ ವಿಭಾಗದ ಮೊದಲ ಎಂಟು ಜನಕ್ಕೆ ಮಾತ್ರ. ಬರುವ ಸೋಮವಾರದ ಪಟ್ಟಿಯೇ ಅಂತಿಮ. ಒಂಬತ್ತನೇ ಸ್ಥಾನದಲ್ಲಿದ್ದವರು ಎಡಗೈ ಮೇಷ್ಟ್ರು. ಒಮ್ಮೆಯೂ ಆ ಎಂಟರೊಳಗೆ ಕಾಲಿಟ್ಟವರಲ್ಲ. ಮಂಡಿ ಸವೆದುಹೋಗಿತ್ತು, ಪಂದ್ಯಾವಳಿ ಮುಗಿದ ಮೇಲೆ ಆಪರೇಷನ್, ಆಮೇಲೆ ಆಟದ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಹೋದ ವರ್ಷ ಈ ಹೊತ್ತಿಗೆ ಗಂಡ ಗೆದ್ದಿದ್ದ ನೂರು ಅಂಕ ಬೀಳಲು ಆ ಸೋಮವಾರದ ಮೇಲೆ ಇನ್ನೊಂದು ವಾರ ಬೇಕಿತ್ತು. ಆ ವಾರ ಮೊದಲೇ ಬಂದಿದ್ದರೆ ಯಾರೂ ಏನೂ ಮಾಡಬೇಕಾಗಿರಲಿಲ್ಲ.

ಆದರೂ ಮೇಷ್ಟ್ರಿಗೆ ಒಂದು ದಾರಿಯಿತ್ತು. ಶನಿವಾರದ ಪಂದ್ಯವೊಂದನ್ನು ಗೆದ್ದರೆ ಸಾಕು, ಎಂಟನೇ ಸ್ಥಾನ ಅವರದೇ. ಎದುರಾಳಿ ಬೇಕರಿ ಯಜಮಾನ, ಓಡಿದರೆ ಏದುಸಿರು ಬಿಡುವ ಆಸಾಮಿ. ಲೆಕ್ಕದಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಮೇಷ್ಟ್ರ ಬಿಳಿ ಕ್ಯಾನ್ವಾಸ್ ಬೂಟುಗಳು ಚುರುಕಾಗಿಯೇ ಇದ್ದವು, ಕೇಳಿಬರುತ್ತಿದ್ದ ಅಂಕದಲ್ಲೂ ಮೇಷ್ಟ್ರು ಮುಂದಿದ್ದರು. ಇನ್ನೇನು ಗೆದ್ದರು ಎನ್ನುವಾಗ ಆ ಬೂಟುಗಳು ನೆಟ್‌ ಬಳಿಗೆ ಹೋಗಿ ನಿಂತು, ಹಾಗೇ ತಿರುಗಿ ಹೊರಗೆ ನಡೆದವು.

ಲೆಕ್ಕದಕ್ಕ ಬೆಂಚಿನ ಹತ್ತಿರ ಓಡಿದಳು. "ಮೇಷ್ಟ್ರೇ, ಮಂಡಿ ನೋವು ಬಂತಾ?"

"ಇಲ್ಲಮ್ಮ, ಚೆನ್ನಾಗೇ ಇದೆ."

"ಮತ್ತೆ ಗೆಲ್ಲೋ ಆಟ ಯಾಕೆ ಬಿಟ್ಟುಕೊಟ್ರಿ? ಎಂಟನೇದು ನಿಮಗೆ ಬರ್ತಿತ್ತು."

"ಗೊತ್ತು. ನಾನೂ ಲೆಕ್ಕ ಹಾಕಿದ್ದೆ." ಮೇಷ್ಟ್ರು ಫ್ಲಾಸ್ಕಿನ ಮುಚ್ಚಳ ತೆಗೆದರು, ಕುಡಿಯದೆ ಮತ್ತೆ ಮುಚ್ಚಿದರು. "ಎದುರಿಗೆ ನಿಂತು ಆಡೋನಾಗಿದ್ರೆ ಸೋಲಿಸಿ, ನಾಲ್ಕು ದಿನ ರೇಗಿಸ್ತಿದ್ದೆ. ಕೋರ್ಟಿಗೇ ಬರದೆ ಇರೋನನ್ನ ಹೇಗಮ್ಮ ಕೆಳಗೆ ತಳ್ಳೋದು?"

ಲೆಕ್ಕದಕ್ಕನಿಗೆ ಸಿಟ್ಟು ಬಂತು. ಏಳು ತಿಂಗಳಲ್ಲಿ ಮೊದಲ ಸಲ ಏನಾದರೂ ಬಂದದ್ದೆಂದರೆ ಆ ಸಿಟ್ಟೇ. ಗಂಡನನ್ನು ಪಟ್ಟಿಯಲ್ಲಿ ಹಿಡಿದುಕೊಂಡಿರುವವಳು ತಾನೊಬ್ಬಳೇ ಅಂದುಕೊಂಡಿದ್ದಳು. ಈ ಮನುಷ್ಯ ಮಂಡಿ ಸವೆಸಿಕೊಂಡು ಇನ್ನೊಂದು ತುದಿ ಹಿಡಿದಿದ್ದರು.

ಸೋಮವಾರ ಬಂದವಳೇ ಕಾರ್ಯದರ್ಶಿಯ ಮುಂದೆ ನಿಂತಳು.

"ಸರ್, ನಮ್ಮ ಯಜಮಾನ್ರು ತೀರಿಕೊಂಡಿದ್ದಾರೆ."

ಅಂದು ಹೆಣಕ್ಕೆ ಹೆಗಲು ಕೊಟ್ಟಿದ್ದ ಕಾರ್ಯದರ್ಶಿ ಗಾಬರಿಯಾಗಿ ಎದ್ದು ನಿಂತರು. "ಅಮ್ಮಾ, ನಂಗೆ ಗೊತ್ತಲ್ಲ..."

"ನಿಮಗೆ ಗೊತ್ತು ಸರ್. ನಾನು ಹೇಳಿರಲಿಲ್ಲ."

ಅವರು ಮತ್ತೆ ಕುರ್ಚಿಯಲ್ಲಿ ಕೂತರು. "ಆಯ್ತಮ್ಮ. ಹೆಸರು ತೆಗೀರಿ."

ಕೋಣೆಗೆ ಬಂದು, ಕಂಪ್ಯೂಟರಿನಲ್ಲಿ ಆ ಸಾಲನ್ನು ಹಿಡಿದು ಅಳಿಸಿದಳು. ಕೆಳಗಿದ್ದವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದರು. ಮುದ್ರಿಸಿದ ಹಾಳೆಯನ್ನು ಎಂದಿನಂತೆ ಬೆರಳಿಟ್ಟು ತಾಳೆ ನೋಡಿದಳು. ಎಂಟರಲ್ಲಿ ಮೇಷ್ಟ್ರು, ಒಂಬತ್ತರಲ್ಲಿ ಬೇಕರಿ ಯಜಮಾನ. ಎಲ್ಲ ಸರಿಯಾಗಿತ್ತು. ಒಂದು ಸಾಲಾದರೂ ಖಾಲಿ ಕಾಣಬಹುದು ಎಂದು ಅವಳಿಗೆ ಹೇಗೋ ಅನ್ನಿಸಿತ್ತು. ಬೆರಳನ್ನು ಮೇಲಿನಿಂದ ಕೆಳಗೆ ಎಳೆದಳು, ಮತ್ತೊಮ್ಮೆ ಎಳೆದಳು. ಏಳರ ಕೆಳಗೆ ಎಂಟು, ಎಂಟರ ಕೆಳಗೆ ಒಂಬತ್ತು. ಎಲ್ಲೂ ಜಾಗ ಬಿಟ್ಟಿರಲಿಲ್ಲ.

"ಇಲ್ಲೇ ಇದ್ರಲ್ಲ" ಎಂದಳು, ಖಾಲಿ ಕೋಣೆಗೆ. ಆ ಮಾತಿನ ಹಿಂದೆಯೇ ಅಳು ಬಂತು. ಏಳು ತಿಂಗಳು ಬಾರದಿದ್ದದ್ದು ಒಟ್ಟಿಗೇ ಬಂತು. ಹಾಳೆ ನೆನೆಯಬಾರದೆಂದು ಅದನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ತಲೆಯಿಟ್ಟು ಜೋರಾಗಿಯೇ ಅತ್ತಳು.

ಪಟ್ಟಿ ನೋಡಲು ಬಂದಿದ್ದ ಬಿಳಿ ಕ್ಯಾನ್ವಾಸ್ ಬೂಟುಗಳು ಹಲಗೆಯ ಕಡೆಯಿಂದ ಕಿಟಕಿಯ ಹತ್ತಿರ ಬಂದವು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಅವಳ ಅಳು ನಿಲ್ಲುವವರೆಗೂ ಅಲ್ಲೇ ನಿಂತಿದ್ದವು.