ಮೂರನೆಯ ಬಿಟ್

ಪಾರಿಶ್ವಾಡದ ಪೂರ್ಣಿಮಾ ಬೆಳಗಾವಿಯ ಪಾಲಿಟೆಕ್ನಿಕ್ ಒಂದರಲ್ಲಿ ಹದಿನಾರು ವರ್ಷದಿಂದ ಲ್ಯಾಬ್ ಬೋಧಕಿ. ಬೇರೆಯವರ ಪ್ರಯೋಗಗಳಿಗೆ ವೈರು ಜೋಡಿಸಿಕೊಟ್ಟು ಸಾಕಾಗಿ, ನಲವತ್ತೊಂದನೆಯ ವಯಸ್ಸಿನಲ್ಲಿ ತಾನೇ ಎಂ.ಟೆಕ್‌ಗೆ ಸೇರಿದಳು. ಕಂಪ್ಯೂಟರಿನ ಮೆಮೊರಿಯಲ್ಲಿ ಬಿಟ್ ಎಂದರೆ ಒಂದು ಅಂಕಿ, ಸೊನ್ನೆ ಇಲ್ಲವೇ ಒಂದು; ಅಲ್ಲಿಟ್ಟ ಸೊನ್ನೆ ಕೆಲವೊಮ್ಮೆ ತಾನಾಗಿಯೇ ಒಂದಾಗಿಬಿಡುತ್ತದೆ, ಒಂದು ಸೊನ್ನೆಯಾಗುತ್ತದೆ. ಅಂಥ ತಪ್ಪನ್ನು ಹಿಡಿದು ತಿದ್ದುವ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಕಟ್ಟಿ ಪರೀಕ್ಷಿಸುವುದು ಅವಳ ಪ್ರಾಜೆಕ್ಟು. ಎಂಟು ಬಿಟ್ ಮಾಹಿತಿಗೆ ಐದು ಕಾವಲು ಬಿಟ್. ಒಂದು ಕೆಟ್ಟರೆ ತಿದ್ದಬೇಕು, ಎರಡು ಕೆಟ್ಟರೆ ಕೈಹಾಕದೆ ಎಚ್ಚರಿಸಬೇಕು.

ಪರೀಕ್ಷೆಗೆಂದು ಬೇಕೆಂದೇ ಒಂದೋ ಎರಡೋ ಬಿಟ್ ಕೆಡಿಸಿ ಹತ್ತು ಸಾವಿರ ಸಲ ಓಡಿಸಿದಾಗ ಮೂವತ್ತೇಳು ಸಲ ಸರ್ಕ್ಯೂಟು ಸರಿಯಿದ್ದ ಬಿಟ್ಟನ್ನೇ ತಿದ್ದಲು ಹೋಗಿ ಕೆಡಿಸಿತು, ಎಚ್ಚರಿಸಲೂ ಇಲ್ಲ. ಮೂರು ವಾರ ಅವಳು ಹಿಂದವಾಡಿಯ ಮನೆಯಲ್ಲಿ ಕೂತು ಸರ್ಕ್ಯೂಟಿನ ಒಂದೊಂದೇ ಗೇಟನ್ನು ನೋಡಿದಳು. ತಪ್ಪು ಸಿಗಲಿಲ್ಲ. ಸೋಮವಾರದ ಪ್ರಾಜೆಕ್ಟ್ ಪರಿಶೀಲನೆಯೊಳಗೆ ಸಿಗದಿದ್ದರೆ ವಿಷಯವನ್ನೇ ಬದಲಿಸಬೇಕಾದೀತು ಎಂದು ಮಾರ್ಗದರ್ಶಕ ತ್ರ್ಯಂಬಕ ಸರ್ ಮೆಲ್ಲಗೆ ಹೇಳಿದ್ದರು.

ಶನಿವಾರ ತವರಿಗೆ ಹೋಗಿ ಬರುವಾಗ ಖಾನಾಪುರದ ನಿಲ್ದಾಣದಲ್ಲಿ ಬೆಳಗಾವಿಯ ಬಸ್ಸು ತಡವಾಯಿತು. ಸುಮ್ಮನೆ ಕೂರಲಾಗದೆ ಅವಳು ಫೋನಿನಲ್ಲಿದ್ದ ಫಲಿತಾಂಶ ನೋಡಿಕೊಂಡು, ಮದುವೆ ಪತ್ರಿಕೆಯೊಂದರ ಹಿಂಬದಿಯಲ್ಲಿ ಆ ಮೂವತ್ತೇಳರಲ್ಲಿ ಒಂದನ್ನು ಕೈಯಿಂದ ಬಿಡಿಸಿದಳು. ಬರೆದ ಹದಿಮೂರು ಬಿಟ್ ಮೇಲೆ, ಓದಿದ ಹದಿಮೂರು ಕೆಳಗೆ. ಕೆಟ್ಟಿದ್ದು ಒಂದಲ್ಲ, ಮೂರು. ಮತ್ತೆ ಎಣಿಸಿದಳು, ಮೂರೇ. ಬಿಟ್ ಕೆಡಿಸುವ ಆ ಪರೀಕ್ಷೆಯ ಪ್ರೋಗ್ರಾಂ ಅವಳೇ ಬರೆದದ್ದು. ಹಿಂದಿನ ಪರೀಕ್ಷೆಯಲ್ಲಿ ತಾನೇ ಕೆಡಿಸಿದ ಎರಡು ಬಿಟ್ಟನ್ನು ಅದು ಅಳಿಸದೆ ಬಿಟ್ಟಿತ್ತು. ಮೆಮೊರಿಯ ಅದೇ ಜಾಗ ಮತ್ತೆ ಬಂದಾಗ ಇನ್ನೊಂದು ಸೇರಿಕೊಂಡಿತ್ತು.

ಅಲ್ಲಿಂದಲೇ ಫೋನು ಮಾಡಿದಳು.

"ಸರ್, ತಪ್ಪು ಸರ್ಕ್ಯೂಟಿಂದಲ್ರಿ. ಕೆಡಿಸಿದಾಕಿ ನಾನ. ಒಂದಂತ ತಿಳಕೊಂಡು ಮೂರು ಕೆಡಿಸೀನ್ರಿ."

ತ್ರ್ಯಂಬಕ ಸರ್ ಕೇಳಿದರು. "ಹಂಗಾರ ಸರ್ಕ್ಯೂಟ್ ಸರಿ ಐತಿ?"

"ಸರೀನ ಐತ್ರಿ. ಮೂರು ಕೆಟ್ರ ತಿದ್ದತೀನಂತ ಅದೇನ್ ಮಾತು ಕೊಟ್ಟಿಲ್ಲಲ್ರಿ."

ಅವರು ನಕ್ಕರು. ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಕಂಪ್ಯೂಟರಿಗೆ ಕೂತಳು. ಪ್ರತಿ ಪರೀಕ್ಷೆಗೂ ಮುಂಚೆ ಜಾಗವನ್ನು ಹೊಸದಾಗಿ ಬರೆಯುವ ಒಂದು ಸಾಲು ಸೇರಿಸಿ ಹತ್ತು ಸಾವಿರ ಸಲ ಓಡಿಸಿದಳು. ಒಂದೂ ತಪ್ಪಲಿಲ್ಲ. ನಂಬದೆ ಲಕ್ಷ ಸಲ ಓಡಿಸಿದಳು. ಆಗಲೂ ಇಲ್ಲ.

ಆ ಎಡವಟ್ಟನ್ನು ವರದಿಯಲ್ಲಿ ಬರೆಯದಿದ್ದರೂ ನಡೆಯುತ್ತದೆ ಎಂದರು ಸರ್. ಪೂರ್ಣಿಮಾ ಅದಕ್ಕೆಂದೇ ಎರಡು ಪುಟ ಬರೆದಳು. ಸೋಮವಾರ ಪರೀಕ್ಷಕರು ಹೆಚ್ಚು ಹೊತ್ತು ಓದಿದ್ದು ಆ ಎರಡು ಪುಟವನ್ನೇ. ವಿಷಯ ಬದಲಿಸುವ ಮಾತೇ ಬರಲಿಲ್ಲ. ಹೊರಬಂದವಳು ಕಾರಿಡಾರಿನ ಬೆಂಚಿನ ಮೇಲೆ ಕೂತು, ಮೂರು ವಾರದಲ್ಲಿ ಮೊದಲ ಬಾರಿಗೆ ಬಿಸಿ ಆರುವ ಮುಂಚೆ ಚಹಾ ಕುಡಿದಳು.